ಇದು ನಮ್ಮದಾ, ಅವರದಾ?

ನಿನ್ನೆ ರಾತ್ರಿ ಬೀದರ್‌ನಿಂದ ವಾಪಸ್ ಬಂದೆ. ಮೈಕೈ ನೋವಿಗಿಂತ ತಲೆ ಕೆಟ್ಟಿರುವುದೇ ಜಾಸ್ತಿ. ಬರೆಯದಿದ್ದರೆ ಇವತ್ತೂ ನಿದ್ದೆ ಬರಲ್ಲ.

ನಮ್ಮ ಚಿಕ್ಕಪ್ಪ ನಿಮಗೆಲ್ಲ ಗೊತ್ತಲ್ಲ, ಹೋದ ವರ್ಷ ಬೇಲೂರಿನಲ್ಲಿ ಗೈಡ್‌ಗೇ ಪಾಠ ಮಾಡಿದವರು. ಬೀದರ್‌ನಲ್ಲಿ ಅವರ ಸ್ನೇಹಿತರ ಮಗಳ ಮದುವೆ ಇತ್ತು. ಒಬ್ಬರೇ ಅಷ್ಟು ದೂರ ಹೋಗಲಾರೆ ಅಂತ ನನ್ನನ್ನೂ ಎಳೆದುಕೊಂಡು ಹೋದರು. ಮದುವೆ ಮುಗಿದ ಮೇಲೆ ಒಂದೂವರೆ ದಿನ ಉಳಿದಿತ್ತು. ಆಟೋ ಮಾಡಿಕೊಂಡು ಊರು ಸುತ್ತಿದೆವು. ಆ ಒಂದೂವರೆ ದಿನವೂ ಹೋದಲ್ಲೆಲ್ಲ ಅವರದು ಒಂದೇ ಪ್ರಶ್ನೆ. "ಇದು ನಮ್ಮದಾ, ಅವರದಾ?"

ಮೊದಲು ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿಸಿದ್ದು. ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ ಹಸಿರು ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಕುತ್ತಿಗೆ ನೋಯುವವರೆಗೂ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಬಂತು, "ನಮ್ಮದಾ, ಅವರದಾ?"

ಯಾವ ಅವರು ಚಿಕ್ಕಪ್ಪ? ಕಟ್ಟಿಸಿದವನು ಇರಾನಿನ ಗಿಲಾನ್ ಕಡೆಯಿಂದ ಬಂದ ವ್ಯಾಪಾರಿ. ಇಲ್ಲಿ ಬಹಮನಿಗಳ ಮಂತ್ರಿಯಾದ. ಔರಂಗಜೇಬನ ಕಾಲದಲ್ಲಿ ಒಳಗೆ ತುಂಬಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಮುಂಭಾಗದ ದೊಡ್ಡ ಪಾಲೇ ಹಾರಿಹೋಯಿತು. ಇದರಲ್ಲಿ ಯಾವ 'ಅವರು' ಬೇಕು ನಿಮಗೆ?

ಇನ್ನೂ ಒಂದು ಮಾತು ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ಅವರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಹೋಗಿಬಿಟ್ಟಿದ್ದರು. ಇಲ್ಲೇ ಹೇಳುತ್ತೇನೆ. ಆಗಿನ ಬೀದರ್‌ನಲ್ಲಿ ದೊಡ್ಡ ಜಗಳ ನಡೆದದ್ದು ಇಲ್ಲೇ ನೆಲೆಯೂರಿದ್ದ ದಖ್ಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ. ಇಬ್ಬರೂ ಮುಸಲ್ಮಾನರೇ. ಗವಾನ್ ಹೊರಗಿನವನು. ಅವನನ್ನು ಕಂಡರಾಗದ ದಖ್ಖನಿಗಳು ಅವನ ಹೆಸರಲ್ಲಿ ಒರಿಸ್ಸಾದ ರಾಜನಿಗೆ ಸುಳ್ಳು ಪತ್ರ ಬರೆಸಿದರು. ಅದನ್ನು ನಂಬಿದ ಸುಲ್ತಾನ 1481ರಲ್ಲಿ ತನ್ನ ಮಂತ್ರಿಯ ತಲೆಯನ್ನೇ ತೆಗೆಸಿದ. ಅಂದರೆ ಚಿಕ್ಕಪ್ಪನ ಪ್ರಶ್ನೆ ಹೊಸದೇನಲ್ಲ. ಗವಾನ್ ಸತ್ತದ್ದೇ ಅದರಿಂದ.

(ಚಿಕ್ಕಪ್ಪ ಫೇಸ್‌ಬುಕ್‌ನಲ್ಲಿದ್ದಾರೆ. ಓದುತ್ತಾರೆ. ಓದಲಿ.)

ಕೋಟೆಯಲ್ಲಿ ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಕೇಳಿಕೊಂಡ ಮೇಲೆ ತೆಗೆದರು. ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಮರದ ಕಂಬಗಳ ಕೆತ್ತನೆ ನೋಡಿದರೆ ಯಾವುದೋ ಹಳೇ ತೊಟ್ಟಿಮನೆಯ ನೆನಪು. ಮತ್ತೆ ಅದೇ ಪ್ರಶ್ನೆ. ನಾನು ಉತ್ತರ ಕೊಡಲಿಲ್ಲ.

ನೀವೂ ಕೇಳುತ್ತೀರಿ, ಗೊತ್ತು. ಬಹಮನಿಗಳೂ ವಿಜಯನಗರದವರೂ ರಾಯಚೂರಿನ ಸೀಮೆಗಾಗಿ ತಲೆಮಾರುಗಟ್ಟಲೆ ಹೊಡೆದಾಡಲಿಲ್ಲವೇ? ಊರುಗಳು ಸುಟ್ಟುಹೋಗಲಿಲ್ಲವೇ? ಹೋದವು. ಯಾರೂ ಸಾಚಾ ಅಲ್ಲ. ಆದರೆ ಅದೇ ವಿಜಯನಗರದ ಎರಡನೇ ದೇವರಾಯ ತನ್ನ ಸೈನ್ಯಕ್ಕೆ ಮುಸಲ್ಮಾನ ಬಿಲ್ಲುಗಾರರನ್ನು ಸೇರಿಸಿಕೊಂಡಿದ್ದ. ಹಂಪಿಯ ಆನೆ ಲಾಯದ ಗುಮ್ಮಟಗಳನ್ನು ಒಮ್ಮೆ ಕಣ್ಣುಬಿಟ್ಟು ನೋಡಿ. ಚಿಕ್ಕಪ್ಪನ ವಾಟ್ಸಾಪ್ ಡಿಪಿ ಯಾವುದು ಅಂದುಕೊಂಡಿರಿ? ಅದೇ ಆನೆ ಲಾಯ.

ಸಂಜೆ ಅಷ್ಟೂರಿಗೆ ಹೋದೆವು. ಬಯಲಿನಲ್ಲಿ ಸಾಲಾಗಿ ಬಹಮನಿ ಸುಲ್ತಾನರ ಗೋರಿಗಳು. ಅಹಮದ್ ಶಾನದು ಒಳಗೆ ಕತ್ತಲು. ಅಲ್ಲಿದ್ದ ಅಜ್ಜ ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಮೇಲಕ್ಕೆ ಹಾಯಿಸಿದರು. ಗುಮ್ಮಟದ ಒಳಮೈ ತುಂಬ ಕೆಂಪು, ಬಂಗಾರ, ಅಕ್ಷರಗಳು ಒಮ್ಮೆಲೇ ಎದ್ದು ನಿಂತವು. ಚಿಕ್ಕಪ್ಪ ಕೂಡ ಬಾಯಿ ಮುಚ್ಚಿದರು.

"ಇವ್ರು ಅಲ್ಲಮಪ್ರಭುನೂ ಹೌದ್ರಿ" ಅಂದರು ಅಜ್ಜ. "ಹೋಳಿ ಆದಮ್ಯಾಲೆ ಉರುಸು ಆಗ್ತದ. ಕಲಬುರಗಿ ಕಡಿಂದ ಜಂಗಮರು ಬರ್ತಾರ. ಶಂಖ ಊದಿ, ಕಾಯಿ ಒಡೀತಾರ." 1436ರಲ್ಲಿ ತೀರಿಕೊಂಡ ಸುಲ್ತಾನನಿಗೆ, ಇವತ್ತಿಗೂ.

ಈಗ ನನ್ನ ವಿಷಯ. ಗೋರಿಯ ಪಕ್ಕ ಒಬ್ಬ ಹೆಂಗಸು ಹೂವಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ನಾನೇನು ಮಾಡಿದೆ ಗೊತ್ತಾ? ಮೊದಲು ಅವಳ ಹಣೆ ನೋಡಿದೆ. ಕುಂಕುಮ ಇಲ್ಲ. ಆಮೇಲೆ ಕುತ್ತಿಗೆ ನೋಡಿದೆ. ಸೆರಗು ಅಡ್ಡ ಇತ್ತು, ಕರಿಮಣಿಯೋ ಲಿಂಗದ ಕಾಯಿಯೋ ಏನೂ ಕಾಣಲಿಲ್ಲ. ಸ್ವಲ್ಪ ಬಗ್ಗಿ ಕೂಡ ನೋಡಿದೆ! ಅವಳು ಕಣ್ಣು ಬಿಟ್ಟಳು. "ಬರ್ರಿ ಅಕ್ಕ" ಅಂತ ಸರಿದು ನನಗೆ ಜಾಗ ಕೊಟ್ಟಳು. ಮುಖ ಎಲ್ಲಿಡಲಿ? ದಿನವಿಡೀ ಚಿಕ್ಕಪ್ಪನ ಮೇಲೆ ರೇಗಿದವಳು ನಾನೇ ಅಲ್ವಾ.

ಮಾರನೇ ದಿನ ರೈಲಿಗೆ ಮೊದಲು ಬಿದ್ರಿ ಕೆಲಸದವರ ಅಂಗಡಿಗೆ ಹೋದೆವು. ಸತು, ತಾಮ್ರ ಕರಗಿಸಿ ಅಚ್ಚು ಹೊಯ್ದು, ಗೆರೆ ಕೊರೆದು, ಬೆಳ್ಳಿ ತಂತಿಯನ್ನು ಅದರೊಳಗೆ ತಟ್ಟುತ್ತಾರೆ. ಕೊನೆಗೆ ಕೋಟೆಯ ಹಳೇ ಗೋಡೆಗಳ ನಡುವಿನ, ಬಿಸಿಲು ಮಳೆ ಬೀಳದ ಜಾಗದ ಮಣ್ಣನ್ನು ನವಸಾಗರ ಅನ್ನುವ ಉಪ್ಪಿನ ಜೊತೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಉಳಿದದ್ದೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಮಣ್ಣು ಸರಿಯಿದೆಯಾ ಅಂತ ನಾಲಿಗೆ ಮೇಲೆ ಇಟ್ಟು ನೋಡುತ್ತಾರಂತೆ.

ಚಿಕ್ಕಪ್ಪ ಒಂದು ಅಡಿಕೆ ಡಬ್ಬಿ ಕೈಗೆತ್ತಿಕೊಂಡರು. ಈ ಕಲೆ ಪರ್ಷಿಯಾದಿಂದ ಬಂತು ಅಂತ ಎಲ್ಲೋ ಓದಿದ್ದರಲ್ಲ, ಬಿಡುತ್ತಾರಾ. "ಹಾಗಾದ್ರೆ ಇದು ನಮ್ಮದಾ, ಅವರದಾ?"

ಕೂತಿದ್ದವರು ಉಳಿ ಕೆಳಗಿಡಲಿಲ್ಲ. "ಮಣ್ಣು ಕೋಟೆದ್ರಿ, ಬೆಳ್ಳಿ ಮಾರ್ಕೆಟ್‌ದು. ರೊಕ್ಕ ಕೊಟ್ರ ನಿಮ್ದು."

ಇನ್ನೂರು ರೂಪಾಯಿ ಚೌಕಾಸಿ ಮಾಡಿ ಎರಡು ಡಬ್ಬಿ ತಗೊಂಡರು. ಒಂದು ಚಿಕ್ಕಮ್ಮನಿಗಂತೆ. ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ.