ಇಯರ್‌ಬುಕ್ ತಂದಿದ್ದೀರಾ ಮೇಡಂ?

1998ರಲ್ಲಿ ಗ್ರೀಸ್‌ನ ಒಂದು ನಿಘಂಟು ಫಿಲಿಪಿನೋ ಹೆಂಗಸು ಎಂಬ ಪದಕ್ಕೆ 'ಮನೆಗೆಲಸದವಳು' ಎಂಬ ಅರ್ಥವನ್ನೂ ಕೊಟ್ಟಿತು. ಮನಿಲಾ ಕೆಂಡವಾಯಿತು. 2009ರಲ್ಲಿ ಹಾಂಗ್‌ಕಾಂಗ್‌ನ ಅಂಕಣಕಾರನೊಬ್ಬ ಫಿಲಿಪ್ಪೀನ್ಸನ್ನು 'ಆಳುಗಳ ದೇಶ' ಎಂದು ಬರೆದ. ಅವನು ದೇಶದೊಳಗೆ ಕಾಲಿಡದಂತೆ ನಿರ್ಬಂಧ ಬಿತ್ತು, ಆಮೇಲೆ ಕ್ಷಮೆಯೂ ಬಂತು. ದೇಶದ ಮಾನ ಕಾಯುವುದು ಅಂದರೆ ಹೀಗಿರಬೇಕು. ಈಗ ಆ ಮಾನ ಮನಿಲಾ ವಿಮಾನ ನಿಲ್ದಾಣದಲ್ಲಿ ಹೇಗಿದೆ ನೋಡೋಣ.

ಒಂಟಿಯಾಗಿ ಬ್ಯಾಂಕಾಕ್ ನೋಡಲು ಹೊರಟ ಇಪ್ಪತ್ತೈದರ ಫಿಲಿಪಿನೋ ಹುಡುಗಿ ಅಂದುಕೊಳ್ಳಿ. ಹೊರಡುವ ಮುಂಚಿನ 72 ಗಂಟೆಯೊಳಗೆ ಇ-ಟ್ರಾವೆಲ್ ಎಂಬ ಸರ್ಕಾರಿ ಜಾಲತಾಣದಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಪಡೆಯಬೇಕು. ಎಕಾನಮಿ ಟಿಕೆಟ್ಟಿಗೆ 1,620 ಪೆಸೊ ಪ್ರವಾಸ ತೆರಿಗೆ ಕಟ್ಟಬೇಕು. ದುಡ್ಡು ಕಟ್ಟಿದವಳು ಇಮಿಗ್ರೇಷನ್ ಕೌಂಟರಿಗೆ ಬರುತ್ತಾಳೆ. ವಾಪಸು ಟಿಕೆಟ್, ಹೋಟೆಲ್ ಬುಕಿಂಗ್, ಕಂಪನಿ ಐಡಿ, ರಜೆಯ ಪತ್ರ ಎಲ್ಲ ತೋರಿಸಿದರೂ, ಪ್ರವಾಸದ ಹೆಸರಲ್ಲಿ ಕೆಲಸಕ್ಕೇ ಹೊರಟಿದ್ದಾಳೆ ಎಂದು ಅಧಿಕಾರಿಗೆ ಅನುಮಾನ ಬಂದರೆ ಎರಡನೇ ತಪಾಸಣೆ. ಅಲ್ಲೂ ಒಪ್ಪದಿದ್ದರೆ 'ಆಫ್‌ಲೋಡ್', ಅಂದರೆ ವಿಮಾನ ಹತ್ತಲು ಬಿಡುವುದಿಲ್ಲ. ಲಾರಿಯಿಂದ ಮೂಟೆ ಇಳಿಸುವುದಕ್ಕೂ ಇದೇ ಪದ. ಅಲ್ಲಿನ ಜನ ತಮ್ಮ ಬಗ್ಗೆಯೇ ಸಲೀಸಾಗಿ ಹೀಗೆ ಹೇಳಿಕೊಳ್ಳುವಷ್ಟು ಅದು ಮಾಮೂಲಾಗಿದೆ.

ಖರ್ಚು ವಿದೇಶದಲ್ಲಿರುವ ನೆಂಟರದ್ದಾದರೆ ರಾಯಭಾರ ಕಚೇರಿಯ ಮುದ್ರೆಯಿರುವ ಅಫಿಡವಿಟ್ ಬೇಕು, ನೆಂಟಸ್ತಿಕೆ ನಾಲ್ಕನೇ ಡಿಗ್ರಿಯೊಳಗಿರಬೇಕು. ಚಿಕ್ಕಪ್ಪ ಮೂರನೇ ಡಿಗ್ರಿ, ಅವನ ಮಗಳು ನಾಲ್ಕನೇದು, ಇಬ್ಬರೂ ಪಾಸು. ಆ ಮಗಳ ಮಗಳು ಐದನೇದು, ಫೇಲು. ನಮ್ಮ ಮದುವೆ ಮನೆಯ ಅಜ್ಜಿಯೊಬ್ಬರನ್ನು ಆ ಕೌಂಟರಿನಲ್ಲಿ ಕೂರಿಸಿದರೆ ಇದಕ್ಕಿಂತ ಬೇಗ ಮುಗಿಯುತ್ತಿತ್ತು.

ಪಕ್ಕದ ಸಾಲಿನಲ್ಲಿ ನಿಜವಾಗಿ ಮನೆಗೆಲಸಕ್ಕೇ ಹೊರಟ ಹೆಂಗಸಿದ್ದಾಳೆ. ಟೆಸ್ಡಾ ಎಂಬ ಸರ್ಕಾರಿ ಕೌಶಲ ಸಂಸ್ಥೆಯ ಸರ್ಟಿಫಿಕೇಟ್, ಪರಿಶೀಲನೆಯಾದ ಕರಾರು, ಹೊರಡುವ ಮುಂಚಿನ ತಿಳಿವಳಿಕೆ ಶಿಬಿರ, ಕೊನೆಗೆ ಓಇಸಿ ಎಂಬ ಉದ್ಯೋಗ ಪತ್ರ, ಎಲ್ಲ ಮುಗಿಸಿದ್ದಾಳೆ. ಇವಳಿಗೆ ಪ್ರವಾಸ ತೆರಿಗೆ ಮಾಫಿ. ಅಂದರೆ, 'ನಾನು ಕೆಲಸದವಳು' ಎನ್ನುವವಳ ಹತ್ತಿರ ಅದಕ್ಕೊಂದು ಸರ್ಕಾರಿ ಕಾಗದವಿದೆ. 'ನಾನು ಕೆಲಸದವಳಲ್ಲ' ಎನ್ನುವುದಕ್ಕೆ ಯಾವ ಕಚೇರಿಯೂ ಕಾಗದ ಕೊಡುವುದಿಲ್ಲ. ಗ್ರೀಕ್ ನಿಘಂಟು ಆ ಅರ್ಥವನ್ನು ಬರೆದಿತ್ತು ಅಷ್ಟೆ, ಕೌಂಟರು ಅದನ್ನು ಜಾರಿಗೆ ತಂದಿದೆ. (ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ 'ವಲಸೆ ತಪಾಸಣೆ ಬೇಕು' ಎಂಬ ಗುರುತು ಹಚ್ಚುವ ನಾವು ಇಲ್ಲಿ ಜಾಸ್ತಿ ನಗುವ ಹಾಗಿಲ್ಲ.)

2022ರ ಡಿಸೆಂಬರಿನಲ್ಲಿ ಇಸ್ರೇಲಿಗೆ ಹೊರಟಿದ್ದ ಯುವತಿಯೊಬ್ಬಳನ್ನು ಅಧಿಕಾರಿ ಕೇಳಿದ್ದು ಕಾಲೇಜಿನ ಇಯರ್‌ಬುಕ್, ಅಂದರೆ ಆ ವರ್ಷ ಓದು ಮುಗಿಸಿದವರ ಫೋಟೊ ಪುಸ್ತಕ. ವಿಮಾನ ಹೋಯಿತು. ಮುಂದಿನ ಮಾರ್ಚಿನಲ್ಲಿ ಅವಳ ವಿಡಿಯೊ ಊರೆಲ್ಲ ಸುತ್ತಿದ ಮೇಲೆ ಇಲಾಖೆ ಕ್ಷಮೆ ಕೇಳಿತು. ಆಗ ಹೊರಬಿದ್ದ ಲೆಕ್ಕ ಇನ್ನೂ ಚೆನ್ನಾಗಿದೆ: 2022ರಲ್ಲಿ ಹೊರಡಲು ಬಿಡದವರು 32,404 ಜನ, ಅವರಲ್ಲಿ ಕಳ್ಳಸಾಗಣೆಗೋ ಅಕ್ರಮ ನೇಮಕಾತಿಗೋ ಸಿಕ್ಕಿದ್ದವರು 472. ನೂರಕ್ಕೆ ಒಂದೂವರೆ.

ಕಳ್ಳಸಾಗಣೆ ಸುಳ್ಳೇನಲ್ಲ. ಮ್ಯಾನ್ಮಾರ್, ಕಾಂಬೋಡಿಯಾದ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ಪ್ರವಾಸಿಗರ ವೇಷದಲ್ಲೇ ಜನರನ್ನು ಸಾಗಿಸಿದ್ದಾರೆ. ಎಡವಟ್ಟು ಜರಡಿಯಲ್ಲಿದೆ. ದಲ್ಲಾಳಿ ಕಸುಬುದಾರ, ಹೋಟೆಲ್ ಬುಕಿಂಗ್, ಬಾಯಿಪಾಠದ ಉತ್ತರ, ಬೇಕಾದರೆ ಒಬ್ಬ ಚಿಕ್ಕಪ್ಪನನ್ನೂ ಹೊಂದಿಸಿ ಕಳಿಸುತ್ತಾನೆ. ತನ್ನ ದುಡ್ಡಲ್ಲಿ ತಾನೇ ಹೊರಟವಳು ಫೈಲು ಕಟ್ಟಿಕೊಂಡು ಬರುವುದಿಲ್ಲ, ಪ್ರಶ್ನೆಗೆ ತಡವರಿಸುತ್ತಾಳೆ. ಕಾಗದ ಹೆಚ್ಚು ಕೇಳಿದಷ್ಟೂ ಜರಡಿಯಲ್ಲಿ ನಿಲ್ಲುವವಳು ಇವಳೇ.

ಒಳಗೆ ಬರುವವರಿಗೆ ಇಷ್ಟು ಕಷ್ಟವಿರಲಿಲ್ಲ. 2020ರಲ್ಲಿ ಸೆನೆಟ್ ಮುಂದೆ ಬಂದ ಹಗರಣದ ಹೆಸರು 'ಪಸ್ತಿಲ್ಯಾಸ್'. ಕಾಗದದಲ್ಲಿ ಸುತ್ತಿ ಮಾರುವ, ನಮ್ಮ ಪೇಡಾದಂಥ ಹಾಲಿನ ಸಿಹಿ ಅದು. ತಲೆಗೆ 10,000 ಪೆಸೊ ಕೊಟ್ಟ ಚೀನೀಯರನ್ನು ತಪಾಸಣೆಯಿಲ್ಲದೆ ಒಳಗೆ ಬಿಡುತ್ತಿದ್ದ ಅಧಿಕಾರಿಗಳಿಗೆ ಪಾಲಿನ ನೋಟು ತಲುಪುತ್ತಿದ್ದದ್ದು ಬಿಳಿ ಹಾಳೆಯಲ್ಲಿ ಹಾಗೇ ಸುರುಳಿ ಸುತ್ತಿಕೊಂಡು. ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಚೀನೀಯರನ್ನು ಯಾರೂ ಇಯರ್‌ಬುಕ್ ಕೇಳಿದ ದಾಖಲೆಯಿಲ್ಲ.

ಈಗ ಹೊರಡುವವರಿಗೆ ಒಂದು ಸಣ್ಣ ಸೂಚನೆ. ಅಗ್ಗದ ವಿಮಾನಗಳಲ್ಲಿ ಕೈಚೀಲದ ಮಿತಿ 7 ಕಿಲೊ. ದಪ್ಪ ರಟ್ಟಿನ ಇಯರ್‌ಬುಕ್ಕನ್ನು ಮೊದಲು ತೂಗಿ, ಉಳಿದ ತೂಕಕ್ಕೆ ಬಟ್ಟೆ ಇಡಿ.