ಸತ್ಯಾಂಶ: ಐಫೋನ್ ಕೆಡಿಸಿದ್ದು ತೆಲುಗು ಅಕ್ಷರವೇ?
‘ಈ ತೆಲುಗು ಅಕ್ಷರ ವೈರಸ್, ತೆರೆದರೆ ಐಫೋನಿನ ಫೋಟೋಗಳೆಲ್ಲ ಕಳುವಾಗುತ್ತವೆ’ ಎಂಬ ಸಂದೇಶದ ಹಿಂದೆ 2018ರ ಫೆಬ್ರುವರಿಯ ನಿಜ ದೋಷವೊಂದಿದೆ, ಆದರೆ ಅದು ವೈರಸ್ ಅಲ್ಲ. ‘ಜ್ಞಾ’ ಎಂಬುದರ ತೆಲುಗು ರೂಪದಲ್ಲಿ ಒತ್ತಕ್ಷರಕ್ಕೂ ದೀರ್ಘಕ್ಕೂ ನಡುವೆ, ಕಣ್ಣಿಗೆ ಕಾಣದ ‘ಶೂನ್ಯ ಅಗಲದ’ ಯೂನಿಕೋಡ್ (ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿ) ಚಿಹ್ನೆಯೊಂದು ಸೇರಿದ್ದಾಗ, ಐಫೋನನ್ನು ನಡೆಸುವ ಮೂಲ ತಂತ್ರಾಂಶವಾದ ಐಓಎಸ್‌ನ 11.2.5 ಆವೃತ್ತಿಯಲ್ಲಿ ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ತಂತ್ರಾಂಶವು ಎಡವಿ, ಸಂದೇಶವನ್ನು ತೋರಿಸಲು ಹೊರಟ ಆ್ಯಪ್ ಮುಚ್ಚಿಹೋಗುತ್ತಿತ್ತು. ಅದೇ ಪಠ್ಯ ನೋಟಿಫಿಕೇಶನ್ ಆಗಿ ಬಂದರೆ ಮುಖಪುಟವನ್ನು ನಡೆಸುವ ಭಾಗವೇ ಕುಸಿಯುತ್ತಿದ್ದುದರಿಂದ, ದೂರದಲ್ಲಿ ಕುಳಿತವರು ಫೋನನ್ನು ಬಳಸಲಾಗದಂತೆ ಮಾಡಬಹುದಾಗಿತ್ತು. ಆದರೆ ಫೋಟೋ ಕದಿಯುವ ಪ್ರೋಗ್ರಾಂ ಯಾವುದೂ ಅದರೊಳಗೆ ಇರಲಿಲ್ಲ. ತಪ್ಪು ತೆಲುಗಿನದಂತೂ ಅಲ್ಲವೇ ಅಲ್ಲ. ಎಂದಿನಂತೆ ಬರೆದ ‘ಜ್ಞಾನ’ದಿಂದ ಯಾವ ಫೋನೂ ಕೆಡಲಿಲ್ಲ. ಫೆಬ್ರುವರಿ 19ರಂದು ಆ್ಯಪಲ್ ಬಿಡುಗಡೆ ಮಾಡಿದ 11.2.6 ಆವೃತ್ತಿಯಲ್ಲಿ ಈ ದೋಷ ಸರಿಯಾಯಿತು.