ಹಲಗೆ ಗೋಡೆಯ ಮನೆಗೆ ಯಾವ ಗುಂಡು?

ತೋಟದ ನಡುವಿನ ಒಂಟಿ ಮನೆಯವರು ಆತ್ಮರಕ್ಷಣೆಯ ರಿವಾಲ್ವರಿಗೆ ಪೂರ್ತಿ ಕವಚದ ಗುಂಡನ್ನೇ (ಸೀಸದ ಮೇಲೆ ಗಟ್ಟಿ ಲೋಹದ ಹೊದಿಕೆ ಇರುವುದು) ಆರಿಸಬೇಕು ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಶಿರಸಿ ಕಡೆಯ ಹಳೆ ಮನೆಗಳಲ್ಲಿ ಒಳಗೋಡೆ ಎಷ್ಟೋ ಕಡೆ ಬರೀ ಹಲಗೆ. ಕವಚದ ಗುಂಡು ಆಕಾರ ಕೆಡದೆ ಆಳಕ್ಕೆ ನುಗ್ಗುತ್ತದೆ, ಆಚೆ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ತುದಿ ಟೊಳ್ಳಾದ ಗುಂಡು ಮೈಗೆ ತಾಗಿದರೆ ಅರಳಿ ವೇಗ ಕಳೆದುಕೊಳ್ಳುತ್ತದೆ ನಿಜ, ಆದರೆ ಗುರಿ ತಪ್ಪಿದರೆ ಅದೂ ಹಲಗೆ ದಾಟುತ್ತದೆ.

ನಮ್ಮ ಮಳೆಗಾಲದ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ. ಅಪ್ಪಯ್ಯನ .32 ರಿವಾಲ್ವರಿನ ತೋಟೆಗಳು (ಗುಂಡು, ಮದ್ದು ತುಂಬಿದ ಹಿತ್ತಾಳೆ ಕೊಳವೆಗಳು) ವರ್ಷಗಟ್ಟಲೆ ಅಟ್ಟದ ಪೆಟ್ಟಿಗೆಯಲ್ಲಿದ್ದವು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ರೇಂಜಿನಲ್ಲಿ ಹೊಡೆದರೆ ಆರರಲ್ಲಿ ಮೂರು ಬರೀ ಟಕ್ ಎಂದವು! ಹಾಗಾದಾಗ ಕನಿಷ್ಠ 30 ಸೆಕೆಂಡು ನಳಿಗೆಯನ್ನು ಖಾಲಿ ದಿಕ್ಕಿಗೇ ಹಿಡಿದಿರಬೇಕು, ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ತೋಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬೀಗ ಹಾಕಿ ಇಡಿ. ಹಳತನ್ನು ನಂಬಬೇಡಿ.

ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ. ಓಡಿಹೋಗುವ ಅಡಿಕೆ ಕಳ್ಳನ ಬೆನ್ನಿಗೆ ಗುಂಡು ಹಾರಿಸಿ ಆತ್ಮರಕ್ಷಣೆ ಎನ್ನಲಾಗದು.